ಹೆಂಚು ಕಾಯದ ಕೊರಿಯನ್ ಬಾರ್ಬೆಕ್ಯೂ

ಕೊಡಗಿಗೆ ಪ್ರವಾಸ ಬಂದಾಗ ನಾಲ್ವರು ಕೊರಿಯನ್ ಬಾರ್ಬೆಕ್ಯೂ ಹೋಟೆಲೊಂದಕ್ಕೆ ಹೋಗಿ ನಾಲ್ಕು ಸಾವಿರ ರೂಪಾಯಿಗೂ ಮಿಕ್ಕಿ ಖರ್ಚು ಮಾಡಿದಿರಿ, ಹಂದಿಮಾಂಸ ಬಿಳಿಚಿಕೊಂಡು ರಬ್ಬರಿನಂತಿತ್ತು, ಬಟ್ಟೆಗೆಲ್ಲ ಹೊಗೆಯ ವಾಸನೆ ಹತ್ತಿತು ಎಂದು ಬರೆದಿದ್ದೀರಿ. ಮೇಜಿನ ಮೇಲೆಯೇ ಮಾಂಸ ಬೇಯಿಸಿಕೊಂಡವರು ನಾವೇ ಆದ್ದರಿಂದ ತಪ್ಪು ನಮ್ಮ ಕೈಯದೋ ಹೋಟೆಲಿನದೋ ಎಂದು ಕೇಳಿದ್ದೀರಿ. ಬಹುಪಾಲು ಹೋಟೆಲಿನದೇ ಎಂಬುದು ನನ್ನ ಉತ್ತರ. ನಾನು ವಿರಾಜಪೇಟೆ ಕಡೆಯವನು, ಹಂದಿಮಾಂಸದ ವಿಷಯದಲ್ಲಿ ನಮ್ಮ ಊರಿನವರನ್ನು ಮೆಚ್ಚಿಸುವುದು ಸುಲಭವಲ್ಲ. ಆ ಪೂರ್ವಗ್ರಹವನ್ನು ಕಳೆದು ಉಳಿದದ್ದನ್ನು ನೀವು ನಂಬಬಹುದು.

ನಿಮಗಾದ ಅನುಭವವೇ ನಮಗೂ ಆಯಿತು. ಕೊರಿಯನ್ ಧಾರಾವಾಹಿಗಳನ್ನು ರಾತ್ರಿಯಿಡೀ ನೋಡುವ ಅಕ್ಕನ ಮಗಳ ಒತ್ತಾಯಕ್ಕೆ ಮಣಿದು, ಕಳೆದ ಜುಲೈಯಲ್ಲಿ ಮಡಿಕೇರಿಯ ಒಂದು ಹೋಟೆಲಿಗೆ ಮನೆಮಂದಿ ಐದು ಜನ ಹೋದೆವು. ಹೊರಗೆ ಜಡಿಮಳೆ. ಮೇಜಿನ ಮೇಲೆ ಡಬ್ಬಿ ಗ್ಯಾಸಿನ ಪುಟ್ಟ ಒಲೆ, ಅದರ ಮೇಲೊಂದು ತೆಳ್ಳಗಿನ ಕಾವಲಿ, ಪಕ್ಕದಲ್ಲಿ ಒಂದು ಇಕ್ಕಳ, ಒಂದು ಕತ್ತರಿ. ಕತ್ತರಿಯನ್ನು ನೋಡಿ ಅವ್ವ, ಇಲ್ಲಿ ಹೊಲಿಗೆಯೂ ಮಾಡುತ್ತಾರೆಯೇ ಎಂದು ಕೇಳಿದರು. ಬೇಯುತ್ತಿರುವ ಉದ್ದನೆಯ ಮಾಂಸವನ್ನು ಕಾವಲಿಯ ಮೇಲೆಯೇ ತುಂಡು ಮಾಡುವುದಕ್ಕೆ ಕೊರಿಯಾದಲ್ಲಿ ಕತ್ತರಿಯನ್ನೇ ಬಳಸುತ್ತಾರೆ ಎಂದು ಹುಡುಗಿ ಅಜ್ಜಿಗೆ ವಿವರಿಸಿದಳು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು.

ಮಾಂಸ ಬಂತು. ಅದು ಸಮ್‌ಗ್ಯೊಪ್ಸಾಲ್, ಅಂದರೆ ಮೂರು ಪದರದ ಮಾಂಸ. ಹಂದಿಯ ಹೊಟ್ಟೆಯ ಭಾಗದಲ್ಲಿ ನೆಣ ಮತ್ತು ಬಾಡು ಒಂದರ ಮೇಲೊಂದು ಕೂತಿರುವುದರಿಂದ ಆ ಹೆಸರು. ಇದಕ್ಕೆ ಮಸಾಲೆ ಹಚ್ಚುವುದಿಲ್ಲ. ಉಪ್ಪು ಮತ್ತು ಎಳ್ಳೆಣ್ಣೆಯಲ್ಲಿ ಅದ್ದಿಕೊಂಡು ತಿನ್ನುವ ಪದಾರ್ಥವಾದ್ದರಿಂದ ಮಾಂಸ ಕೆಟ್ಟದ್ದಾಗಿದ್ದರೆ ಮುಚ್ಚಿಹಾಕಲು ಮಸಾಲೆಯ ಆಸರೆಯೂ ಇಲ್ಲ. ನಮಗೆ ಬಂದ ತುಂಡುಗಳ ಅಂಚಿನಲ್ಲಿ ಐಸಿನ ಹರಳುಗಳು ಇನ್ನೂ ಮಿನುಗುತ್ತಿದ್ದವು, ತಟ್ಟೆಯ ತಳದಲ್ಲಿ ತಿಳಿಗೆಂಪು ನೀರು ನಿಂತಿತ್ತು. ಕಾವಲಿಗೆ ಇಟ್ಟೊಡನೆ ಚುರ್ ಎನ್ನಬೇಕಾದ ಮಾಂಸ ಸುಮ್ಮನೆ ಮಲಗಿತು. ಎರಡು ನಿಮಿಷದಲ್ಲಿ ಸುತ್ತಲೂ ಬೂದುಬಣ್ಣದ ನೊರೆನೀರು ಬಿಟ್ಟುಕೊಂಡು ಅದರಲ್ಲೇ ಕುದಿಯತೊಡಗಿತು.

ನಿಮ್ಮ ಮೇಜಿನಲ್ಲಿ ನಡೆದದ್ದೂ ಬಹುಶಃ ಇದೇ. ಮಾಂಸದ ಮೇಲ್ಮೈಯಲ್ಲಿ ನೀರಿರುವ ತನಕ ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹೊಂಬಣ್ಣಕ್ಕೆ ತಿರುಗಿ ಸುಟ್ಟ ಮಾಂಸದ ಘಮ ಬರಲು ಸುಮಾರು 140 ಡಿಗ್ರಿಯಾದರೂ ಬೇಕು. ಫ್ರೀಜರಿನಿಂದ ಸರಿಯಾಗಿ ಕರಗಿಸದೆ ತಂದ ಮಾಂಸ ಒಂದು ಕಡೆ, ತೆಳ್ಳಗಿನ ಕಾವಲಿ ಇನ್ನೊಂದು ಕಡೆ, ಬಳಸುತ್ತ ಹೋದಂತೆ ತಣ್ಣಗಾಗಿ ಉರಿ ಇಳಿಸುವ ಗ್ಯಾಸ್ ಡಬ್ಬಿ ಮತ್ತೊಂದು ಕಡೆ. ಈ ಮೂರೂ ಸೇರಿದ ಮೇಲೆ ಇಕ್ಕಳ ಹಿಡಿದವರು ಯಾರಾದರೂ ಅಷ್ಟೇ. ಅವ್ವ ಎರಡು ತುಂಡು ತಿಂದು, ಇದು ಬೆಂದದ್ದಲ್ಲ, ಬೆವರಿದ್ದು ಎಂದರು.

ನಮ್ಮ ತಪ್ಪು ಇರಲಿಲ್ಲವೆಂದಲ್ಲ. ಹಸಿವೆಯ ಆತುರದಲ್ಲಿ ತಟ್ಟೆಯಲ್ಲಿದ್ದುದನ್ನೆಲ್ಲ ನಾನು ಒಮ್ಮೆಲೇ ಕಾವಲಿಗೆ ಸುರಿದೆ, ಇದ್ದ ಸ್ವಲ್ಪ ಕಾವೂ ಅದರಿಂದ ಇಳಿಯಿತು. ನಾಲ್ಕೈದು ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, ಪದೇ ಪದೇ ಮಗುಚದೆ ಒಂದು ಮಗ್ಗುಲು ಪೂರ್ತಿ ಕೆಂಪಾಗುವ ತನಕ ಕಾಯಬೇಕಿತ್ತು. ಆದರೆ ಅದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಮಾಂಸ ತಂದಿಟ್ಟ ಹುಡುಗ ಮತ್ತೆ ಕಾಣಿಸಿಕೊಂಡದ್ದು ಬಿಲ್ಲಿನ ಜೊತೆಗೆ. ಹಸಿ ಮಾಂಸಕ್ಕೂ ಬೆಂದ ಮಾಂಸಕ್ಕೂ ಒಂದೇ ಇಕ್ಕಳ ಕೊಟ್ಟಿದ್ದರು. ಇನ್ನೊಂದು ಕೇಳಿದರೆ ಇಲ್ಲವೆಂದರು. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ಬರುತ್ತದೆಂಬ ಭಯದಲ್ಲಿ ಬೆಳೆದವರು ನಾವು, ಆದ್ದರಿಂದ ಮಾಂಸವನ್ನು ಇನ್ನಷ್ಟು ಹೊತ್ತು ಕಾವಲಿಯ ಮೇಲೆ ಬಿಟ್ಟೆವು, ಅದು ಇನ್ನಷ್ಟು ರಬ್ಬರಾಯಿತು.

ಇಷ್ಟರಲ್ಲಿ ಕರೆಂಟು ಹೋಯಿತು. ಮಡಿಕೇರಿಯ ಮಳೆಗಾಲದಲ್ಲಿ ಅದು ದೊಡ್ಡ ಸುದ್ದಿಯಲ್ಲ, ಜನರೇಟರ್ ಕೂಡಲೇ ಗುಡುಗಿತು, ದೀಪಗಳೂ ಬಂದವು. ಹೊಗೆ ಎಳೆಯುವ ಫ್ಯಾನು ಮಾತ್ರ ತಿರುಗಲಿಲ್ಲ. ಅದನ್ನು ಜನರೇಟರ್ ಲೈನಿಗೆ ಕೊಟ್ಟೇ ಇರಲಿಲ್ಲ. ಆರು ಮೇಜುಗಳ ನೆಣದ ಹೊಗೆ ಚಾವಣಿಯಿಂದ ನಿಧಾನವಾಗಿ ನಮ್ಮ ತಲೆಯ ಮಟ್ಟಕ್ಕೆ ಇಳಿಯಿತು. ಕಿಟಕಿ ತೆರೆದರೆ ಮಳೆಯ ಇರಚಲು, ಮುಚ್ಚಿದರೆ ಕಣ್ಣುರಿ. ಒಲೆಯ ಮೇಲೆ ಹೊಗೆಗೆ ಕಟ್ಟಿ ಮಾಂಸ ಒಣಗಿಸುವ ಪದ್ಧತಿ ನಮ್ಮ ಹಳೆಯ ಮನೆಗಳಲ್ಲಿತ್ತು, ಅಂದು ಆ ಮಾಂಸದ ಜಾಗದಲ್ಲಿ ನಾವಿದ್ದೆವು. ಮೇಜಿನಲ್ಲೇ ಬೇಯಿಸುವ ಹೋಟೆಲಿಗೆ ಹೊಗೆ ಹೋಗುವ ದಾರಿ ಅಲಂಕಾರವಲ್ಲ, ಅಡುಗೆಮನೆಯಷ್ಟೇ ಮುಖ್ಯ. ಇದ್ದಿಲು ಬಳಸುವ ಕಡೆಯಂತೂ ಇದು ಇನ್ನೂ ಗಂಭೀರ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ.

ಇನ್ನು ಪಕ್ಕದ ಬಟ್ಟಲುಗಳು. ಬಾನ್‌ಚಾನ್ ಎಂದು ಕರೆಯುವ ಈ ಚಿಕ್ಕ ಚಿಕ್ಕ ನಂಚಿಕೆಗಳು ಕೊರಿಯಾದಲ್ಲಿ ಊಟದ ಜೊತೆಗೇ ಬರುತ್ತವೆ, ಮುಗಿದರೆ ಸಾಮಾನ್ಯವಾಗಿ ದುಡ್ಡಿಲ್ಲದೆ ಮತ್ತೆ ಬಡಿಸುತ್ತಾರೆ. ನಮಗೆ ಎರಡನೆಯ ಬಟ್ಟಲು ಕಿಮ್ಚಿಗೆ ನೂರಿಪ್ಪತ್ತು ರೂಪಾಯಿ ಹಾಕಿದ್ದರು. ಹಾಕಲಿ, ಆದರೆ ಅದು ಕಿಮ್ಚಿಯೇ ಆಗಿರಲಿಲ್ಲ. ಎಲೆಕೋಸನ್ನು ಹೆಚ್ಚಿ ಖಾರದಪುಡಿ, ವಿನೆಗರ್ ಕಲಸಿದ ಒಂದು ಬಗೆಯ ಕೋಸಂಬರಿಯಾಗಿತ್ತು. ಕಿಮ್ಚಿಯ ಹುಳಿ ಹೊರಗಿನಿಂದ ಸುರಿಯುವ ಹುಳಿಯಲ್ಲ. ಉಪ್ಪಿನಲ್ಲಿ ಬಾಡಿಸಿದ ಕೋಸಿಗೆ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ ಹಚ್ಚಿ ದಿನಗಟ್ಟಲೆ ಇಟ್ಟಾಗ, ಮೊಸರನ್ನು ಹುಳಿ ಮಾಡುವಂಥ ಬ್ಯಾಕ್ಟೀರಿಯಗಳೇ ಅದನ್ನೂ ಹುಳಿ ಮಾಡುತ್ತವೆ. ಕಾಚಂಪುಳಿ ಎಂಬ ಹುಳಿಹಣ್ಣಿನ ರಸವನ್ನು ಕಪ್ಪಗೆ ದಟ್ಟವಾಗುವ ತನಕ ಕಾಯಿಸಿ ಬತ್ತಿಸಿ, ವರ್ಷಗಟ್ಟಲೆ ಬಾಟಲಿಯಲ್ಲಿಟ್ಟು, ಹಂದಿಮಾಂಸದ ಪಂದಿ ಕರಿಗೆ ಕೊನೆಯಲ್ಲಿ ಒಂದೆರಡು ಚಮಚ ಹಾಕುವ ಊರಿನವರಿಗೆ ಈ ವ್ಯತ್ಯಾಸ ನಾಲಿಗೆ ತಾಗಿಸಿದೊಡನೆ ಗೊತ್ತಾಗುತ್ತದೆ. ನೆಣಕ್ಕೆ ಹುಳಿ ಬೇಕೆಂಬ ತಿಳಿವಳಿಕೆ ಕೊಡಗಿಗೂ ಕೊರಿಯಾಕ್ಕೂ ಒಂದೇ. ಹಾಗಾಗಿಯೇ ಈ ಊಟ ನಮಗೆ ಒಗ್ಗಬೇಕಾಗಿತ್ತು, ಒಗ್ಗಲಿಲ್ಲವೆಂಬುದೇ ನನ್ನ ಬೇಸರ. ಹುದುಗಿಸಿದ ಸೋಯಾಬೀನಿನ ಸಮ್‌ಜಾಂಗ್ ಇರಬೇಕಾದ ಬಟ್ಟಲಿನಲ್ಲಿ ಸಿಹಿ ಚಿಲ್ಲಿ ಸಾಸ್ ಇತ್ತು, ಗಾಲ್ಬಿ ಎಂದರೆ ಪಕ್ಕೆಲುಬು ಎಂದು ಅಕ್ಕನ ಮಗಳು ಹೇಳುತ್ತಿದ್ದಂತೆಯೇ ಆ ಹೆಸರಿನಲ್ಲಿ ಎಲುಬಿಲ್ಲದ ಕೋಳಿ ಬಂತು. ಅದರ ಮೇಲೆ ಹೆಚ್ಚು ಬರೆಯುವಂಥದ್ದೇನೂ ಇಲ್ಲ.

ಎರಡನೆಯ ಸಲ ಮೈಸೂರಿನಲ್ಲಿ, ಬೇಕಾದಷ್ಟು ತಿನ್ನಬಹುದೆಂಬ ಬೋರ್ಡು ಹಾಕಿದ ಕಡೆ ಹೋದೆವು. ತೊಂಬತ್ತು ನಿಮಿಷದ ಗಡುವು, ಉಳಿಸಿದರೆ ದಂಡ, ಪ್ರತಿ ತಟ್ಟೆಯ ನಡುವೆ ಇಪ್ಪತ್ತು ನಿಮಿಷದ ಕಾಯುವಿಕೆ. ಸಿಹಿ ಮಸಾಲೆಯ ಮಾಂಸ ಹತ್ತಿ ಕಾವಲಿ ಕರಕಲಾದಾಗ ಬದಲಿಸಿಕೊಡಿ ಎಂದರೆ ಇಕ್ಕಳದಲ್ಲಿ ಟಿಶ್ಯೂ ಕಾಗದ ಹಿಡಿದು ಒರೆಸಿ ಹೋದರು.

ಮೂರನೆಯ ಸಲದ ಅನುಭವ ಇಲ್ಲದಿದ್ದರೆ ಈ ಉತ್ತರವನ್ನು ನಾನು ಬರೆಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೊರಿಯಾದವರೇ ನಡೆಸುವ, ನೋಡಲು ತೀರ ಸಾಮಾನ್ಯವಾದ ಒಂದು ಹೋಟೆಲಿನಲ್ಲಿ ನಾನು ಎಂದಿನಂತೆ ಮಾಂಸವನ್ನೆಲ್ಲ ಒಟ್ಟಿಗೆ ಸುರಿಯಲು ಹೊರಟಾಗ ವಯಸ್ಸಾದ ಹೆಂಗಸೊಬ್ಬರು ಬಂದು, ಒಂದು ಮಾತೂ ಆಡದೆ, ಇಕ್ಕಳವನ್ನು ನನ್ನ ಕೈಯಿಂದ ತೆಗೆದುಕೊಂಡರು. ದಪ್ಪ ಎರಕದ ಕಾವಲಿ ಒಂದು ಬದಿಗೆ ತುಸು ವಾಲಿತ್ತು. ಮೇಲಿನ ಬದಿಯಲ್ಲಿ ಮೂರು ಉದ್ದನೆಯ ತುಂಡುಗಳನ್ನು ಹಾಸಿ, ಇಳಿಜಾರಿನಲ್ಲಿ ಕಿಮ್ಚಿಯನ್ನೂ ಬೆಳ್ಳುಳ್ಳಿ ಎಸಳುಗಳನ್ನೂ ಇಟ್ಟರು. ಕರಗಿದ ನೆಣ ಹರಿದು ಬಂದು ಕಿಮ್ಚಿಯನ್ನು ಹುರಿಯಿತು. ಮಾಂಸ ಜೇನುಬಣ್ಣಕ್ಕೆ ಬಂದ ಮೇಲೆ ಕತ್ತರಿಯಿಂದ ಬೆರಳಗಲ ಕತ್ತರಿಸಿ, ಲೆಟ್ಯೂಸ್ ಎಲೆಯಲ್ಲಿ ಮಾಂಸ, ಬೆಳ್ಳುಳ್ಳಿ, ಸಮ್‌ಜಾಂಗ್ ಇಟ್ಟು ಮಡಿಸಿ ಅವ್ವನ ಮುಂದೆ ಹಿಡಿದರು, ಕಚ್ಚಬೇಡಿ, ಇಡಿಯಾಗಿ ಬಾಯಿಗೆ ಹಾಕಿಕೊಳ್ಳಿ ಎಂದು ಕೈಸನ್ನೆ ಮಾಡಿದರು. ಅವ್ವ ನಮ್ಮ ಕೈಲ್ ಮುಹೂರ್ತ ಹಬ್ಬದ ಊಟಕ್ಕೂ ಅಷ್ಟು ದೊಡ್ಡ ತುತ್ತು ತೆಗೆದುಕೊಂಡವರಲ್ಲ.

ಆದ್ದರಿಂದ ಆ ಅಡುಗೆಯ ಮೇಲೆ ನೀವು ಬೇಸರಪಟ್ಟುಕೊಳ್ಳಬೇಡಿ. ಇನ್ನೊಮ್ಮೆ ಹೋಗುವ ಮನಸ್ಸಾದರೆ ಮೊದಲು ಕಡಿಮೆ ತರಿಸಿ. ಒಂದು ಪಾಲಿಗೆ ಕೊರಿಯಾದಲ್ಲಿ ಸಾಮಾನ್ಯವಾಗಿ 150ರಿಂದ 200 ಗ್ರಾಂ ಹಸಿ ಮಾಂಸ ಇರುತ್ತದೆ, ಕನಿಷ್ಠ ಎರಡು ಪಾಲು ಹೇಳಬೇಕೆಂಬ ನಿಯಮವೂ ಬಹಳ ಕಡೆ ಇದೆ. ಇಲ್ಲಿ ಎಷ್ಟೆಂದು ಕೇಳಿಕೊಳ್ಳಿ. ಕಾವಲಿಗೆ ನೀರಿನ ಹನಿ ಚಿಮುಕಿಸಿ, ಅದು ಚಡಪಡಿಸಿ ಹಾರದಿದ್ದರೆ ಕಾಯಿರಿ. ಮಾಂಸ ಐಸು ಹಿಡಿದಿದ್ದರೆ, ತಟ್ಟೆಯಲ್ಲಿ ನೀರು ನಿಂತಿದ್ದರೆ, ಬೇಯಿಸುವ ಮೊದಲೇ ಹಿಂದಕ್ಕೆ ಕಳುಹಿಸಿ. ಬೇಯಿಸಿದ ಮೇಲೆ ನಿಮ್ಮ ಕೈಗುಣವೆಂದು ಹೇಳಿಬಿಡುತ್ತಾರೆ, ನಮಗೆ ಹೇಳಿದ್ದೂ ಅದನ್ನೇ.

ಬಿಲ್ಲನ್ನೂ ಒಮ್ಮೆ ನೋಡಿಕೊಳ್ಳಿ. ಮಡಿಕೇರಿಯ ನಮ್ಮ ಬಿಲ್ಲಿನಲ್ಲಿ ಶೇಕಡಾ ಹತ್ತು ಸೇವಾ ಶುಲ್ಕ ಸೇರಿತ್ತು. ಹೋಟೆಲುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ಜಗಳವಾಡದೆ ತೆಗೆಯಿರಿ ಎಂದೆ, ತೆಗೆದರು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ಕೊಡಬಹುದು. ಎರಡನೆಯ ಬಟ್ಟಲು ಕೋಸಂಬರಿಯ ನೂರಿಪ್ಪತ್ತು ರೂಪಾಯಿಯನ್ನು ಮಾತ್ರ ಬಿಡಲಿಲ್ಲ.