ಊರಂಚಿನ ಹೆಸರುಗಳನ್ನು ನಕ್ಷೆಗೆ ಇಳಿಸುವುದು ಹೇಗೆ?

ಪ್ರಶ್ನೆ: ನಗರ ಬೆಳೆಯುತ್ತಾ ನಮ್ಮ ಹೊಲಗಳವರೆಗೆ ಬಂದಿದೆ. ‘ಯಾವ ಊರಿನವರು?’ ಎಂದರೆ ಏನು ಹೇಳಬೇಕೋ ತಿಳಿಯದು. ಹಳೆಯ ಕಾಲುದಾರಿ, ಬಾವಿ, ಹೊಲಗಳ ಹೆಸರು ಹಿರಿಯರ ಬಾಯಲ್ಲಷ್ಟೇ ಉಳಿದಿವೆ. ದಾಖಲಿಸುವುದು ಹೇಗೆ?

ಉತ್ತರ: ಭೂಗೋಳತಜ್ಞ ಟೆರ್ರಿ ಮೆಕ್‌ಗೀ 1991ರಲ್ಲಿ ಇಂಥ ಪ್ರದೇಶಗಳನ್ನು ‘ದೇಸಕೋಟ’ ಎಂದು ಕರೆದರು. ಇಂಡೊನೇಷ್ಯಾದ ಭಾಷೆಯಲ್ಲಿ ದೇಸ ಎಂದರೆ ಹಳ್ಳಿ, ಕೋಟ ಎಂದರೆ ನಗರ. ನಮ್ಮ ದೇಶ, ಕೋಟೆಗಳ ನಂಟರೇ ಈ ಪದಗಳು. ಎರಡೂ ಊರು ನಿಮ್ಮವೇ ಎಂದು ಧೈರ್ಯವಾಗಿ ಹೇಳಿ. ಹೆಸರುಗಳ ಕೆಲಸವನ್ನು ಮಾತ್ರ ಮುಂದೂಡಬೇಡಿ.

1:2500 ಅಳತೆಯ ನಕ್ಷೆಯನ್ನು ಎ1 ಹಾಳೆಯಲ್ಲಿ ಮುದ್ರಿಸಿಕೊಳ್ಳಿ. ಒಂದು ಸೆಂ.ಮೀ.ಗೆ 25 ಮೀಟರ್, ಸುಮಾರು 2.1 ಕಿ.ಮೀ. ಉದ್ದ, 1.5 ಕಿ.ಮೀ. ಅಗಲದ ಜಾಗ ಹಿಡಿಯುತ್ತದೆ. ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಒಂದೊಂದು ಕಾಲಘಟ್ಟಕ್ಕೆ ಒಂದೊಂದು ಪದರ ಬರೆಯಿರಿ. ನಕ್ಷೆಗೂ ಪ್ರತಿ ಪದರಕ್ಕೂ ನಾಲ್ಕೂ ಮೂಲೆಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಕೂಡುಗುರುತು (+) ಹಾಕಿ. ಅದಿಲ್ಲದೆ ಹಾಳೆ ಒಂದು ಸೆಂ.ಮೀ. ಸರಿದರೂ ಬಾವಿ ಪಕ್ಕದ ಹೊಲಕ್ಕೆ ಹೋಗಿ ಕೂರುತ್ತದೆ.

ಹಿರಿಯರನ್ನು ಮನೆಯಲ್ಲಿ ಕೂರಿಸಿ ಕೇಳಬೇಡಿ, ಜೊತೆಯಲ್ಲಿ ನಡೆಯಿರಿ. ಕಾಂಪೌಂಡಿನ ಮೂಲೆಯಲ್ಲಿ ಉಳಿದ ಹಳೇ ಮರದ ಬುಡಕ್ಕೆ ಕೈಯಿಟ್ಟಾಗ, ಅಲ್ಲಿಂದ ಹೊರಡುತ್ತಿದ್ದ ದಾರಿ, ದಾಟುತ್ತಿದ್ದ ಹಳ್ಳ ಒಂದೊಂದಾಗಿ ನೆನಪಿಗೆ ಬರುತ್ತವೆ. ‘ಯಾವ ಇಸವಿ?’ ಎಂದರೆ ಊಹೆಯ ಉತ್ತರ ಸಿಗುತ್ತದೆ. ‘ಟಾರು ರಸ್ತೆ ಬರುವ ಮೊದಲೋ ಆಮೇಲೋ?’ ಎಂದು ಕೇಳಿ. ಹೆಂಗಸರ ಜೊತೆ ಪ್ರತ್ಯೇಕವಾಗಿ ನಡೆಯಿರಿ. ನೀರು, ಸೌದೆಗೆ ಓಡಾಡಿದ ದಾರಿಗಳನ್ನು ಗಂಡಸರು ಎಷ್ಟೋ ಸಲ ಹೇಳುವುದೇ ಇಲ್ಲ.

ಹೆಸರನ್ನು ಅವರು ಆಡಿದಂತೆಯೇ ಬರೆಯಿರಿ, ತಿದ್ದಬೇಡಿ. ಒಂದೇ ಹೊಲಕ್ಕೆ ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಬೇರೆ ಬಣ್ಣದಲ್ಲಿ ಉಳಿಸಿ. ಯಾವುದು ಸರಿ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ.

ಬಯಲಲ್ಲಿ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ತಪ್ಪು ಇನ್ನೂ ಹೆಚ್ಚು. ಅಲ್ಲಿ ಗುರುತಿನ ಜಾಗದಿಂದ ಟೇಪಿನಲ್ಲಿ ಅಳೆಯಿರಿ. ದನಿ ಮುದ್ರಿಸುವಾಗ ಮೊಬೈಲ್ ಬಾಯಿಯಿಂದ 15–20 ಸೆಂ.ಮೀ. ದೂರದಲ್ಲಿರಲಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ.

ಕೆಲಸ ಕೆಡುವುದು ಬಹುಪಾಲು ಒಂದೇ ಕಡೆ. ಹಾಳೆ, ಟೇಪು ಕಂಡೊಡನೆ ಜಮೀನಿನ ಸರ್ವೆ ಎಂದುಕೊಂಡು ಜನ ಬಾಯಿ ಮುಚ್ಚುತ್ತಾರೆ. ಯಾರಿಗಾಗಿ, ಎಲ್ಲಿ ಇಡುತ್ತೀರಿ ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಖಾಸಗಿ ಗಡಿಗಳನ್ನು ಎಳೆಯಲೇಬೇಡಿ. ‘ಇದು ಹಕ್ಕಿನ ದಾಖಲೆಯಲ್ಲ’ ಎಂದು ನಕ್ಷೆಯ ಮೇಲೆಯೇ ಬರೆಯಿರಿ. ಮುಗಿದ ಮೇಲೆ ಒಂದು ಪ್ರತಿ ಹೇಳಿಕೊಟ್ಟವರ ಮನೆಗೆ ತಲುಪಬೇಕು.