ಗಣಿತದಲ್ಲಿ 35 ಬಂದರೂ ಫೇಲ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ಮನೆಯ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿ ಮತ್ತು ಅವಳ ಅಪ್ಪ ಅಮ್ಮ ಒಪ್ಪಿದ ಮೇಲೆಯೇ ಬರೆದಿದ್ದು.)

2024ರ ಮೇ ತಿಂಗಳು, ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂದಿತ್ತು. ವೆಬ್‌ಕಾಸ್ಟಿಂಗ್ ಕಣ್ಗಾವಲಲ್ಲಿ, ಅಂದರೆ ಕೊಠಡಿಯ ಕ್ಯಾಮೆರಾ ದೃಶ್ಯವನ್ನು ನೇರವಾಗಿ ನೋಡುತ್ತಾ, ಪರೀಕ್ಷೆ ನಡೆಸಿದ ವರ್ಷ ಅದು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿದಿತ್ತು. ಎಲ್ಲೆಲ್ಲೂ ಯಾವ ಜಿಲ್ಲೆ ಮೇಲೆ, ಯಾವ ಜಿಲ್ಲೆ ಕೆಳಗೆ ಅನ್ನೋದೇ ಮಾತು. ಈ ಹುಡುಗಿ ಐದು ವಿಷಯ ಪಾಸಾಗಿ ಗಣಿತ ಒಂದರಲ್ಲಿ ಉಳಿದಿದ್ದಳು.

ಅಪ್ಪ ಬಂದವರೇ ಮೊಬೈಲ್ ಮುಂದೆ ಹಿಡಿದರು. "ನೋಡಿ ಮೇಡಂ, 35 ಬಂದಿದೆ. ಪಾಸಿಗೆ 35 ತಾನೇ? ಮತ್ತೆ ಫೇಲ್ ಯಾಕೆ?"

ಶಾಲೆಯಲ್ಲೇ ಕೊಡುವ ಇಂಟರ್ನಲ್ ಅಂಕ 20ಕ್ಕೆ 19, ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 16. ಕೂಡಿದರೆ 35 ನಿಜ. ಆದರೆ ಆಗಿನ ನಿಯಮದಲ್ಲಿ 80 ಅಂಕದ ಲಿಖಿತ ಪರೀಕ್ಷೆಯಲ್ಲೇ ಕನಿಷ್ಠ 28 ಬರಬೇಕಿತ್ತು. ಇದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಲೆಕ್ಕದ ಮಾತಿಗೆ ಮೊದಲು ಹುಡುಗಿ ಜೊತೆ ಒಬ್ಬಳೇ ಇದ್ದಾಗ ಮಾತಾಡಬೇಕಿತ್ತು. ಊಟ ಸರಿಯಾಗಿ ಮಾಡುತ್ತಿಲ್ಲ, ಫ್ರೆಂಡ್ಸ್ ಫೋನ್ ಎತ್ತುತ್ತಿಲ್ಲ ಅಂತ ಅಮ್ಮ ಹೇಳಿದ್ದರು. ಸಾಯಬೇಕು ಅಂತ ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತೆ ಅಂತ ತುಂಬಾ ಜನ ಹೆದರುತ್ತಾರೆ, ಹಾಗೇನೂ ಆಗಲ್ಲ, ದಯವಿಟ್ಟು ಕೇಳಿ. "ಇಲ್ಲ ಮೇಡಂ, ಆದರೆ ಯಾರಿಗೂ ಮುಖ ತೋರಿಸೋಕೆ ಆಗ್ತಿಲ್ಲ" ಅಂದಳು. ರಾತ್ರಿ ಹೊತ್ತಲ್ಲಿ ಮನಸ್ಸು ಕೆಟ್ಟರೆ ಅಮ್ಮನನ್ನು ಎಬ್ಬಿಸಬೇಕು, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಬೇಕು, ಅದು ಉಚಿತ ಅಂತ ಹೇಳಿದೆ. ನಂಬರನ್ನು ಅವಳೇ ಬರೆದುಕೊಂಡಳು.

ಅಪ್ಪನ ವಾದ ಒಂದೇ. ಇವಳಿಗೆ ಗಣಿತ ಹತ್ತಲ್ಲ, ಇನ್ನು ಓದು ಸಾಕು, ಹೊಲಿಗೆ ಕ್ಲಾಸಿಗೆ ಹಾಕೋಣ. ನಾನು ಕೇಳಿದ್ದು ಇಷ್ಟೇ, ಉತ್ತರ ಪತ್ರಿಕೆ ನೋಡಿದ್ದೀರಾ? ಯಾರೂ ನೋಡಿರಲಿಲ್ಲ. ನೋಡದೆ ತೀರ್ಮಾನ ಬೇಡ ಅಂದೆ. ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿಸಿದೆವು. ಅದು ಬಂದ ಮೇಲೆ ಮೂವರನ್ನೂ ಕೂರಿಸಿಕೊಂಡು, ಅವಳ ಕೈಗೆ ಪೆನ್ನು ಕೊಟ್ಟು, ಪ್ರತಿ ಪ್ರಶ್ನೆಯ ಪಕ್ಕ ಒಂದು ಗುರುತು ಹಾಕಿಸಿದೆ: ಮುಟ್ಟಲೇ ಇಲ್ಲ, ಅರ್ಧಕ್ಕೆ ಬಿಟ್ಟೆ, ಮಾಡಿದೆ ಆದರೆ ತಪ್ಪಾಯಿತು.

ಮುಟ್ಟದೇ ಬಿಟ್ಟಿದ್ದು ಕಡಿಮೆ. ಅರ್ಧಕ್ಕೆ ಬಿಟ್ಟಿದ್ದೇ ಜಾಸ್ತಿ. ವರ್ಗ ಸಮೀಕರಣದ ಲೆಕ್ಕದಲ್ಲಿ ಸೂತ್ರ ಸರಿಯಾಗಿ ಬರೆದಿದ್ದಾಳೆ, ಬೆಲೆಗಳನ್ನೂ ಹಾಕಿದ್ದಾಳೆ. ಅಲ್ಲಿ 4 + 32 ಆಗಿ 36 ಬರಬೇಕಿತ್ತು. ಇವಳು 4 − 32 ಅಂತ ಮಾಡಿ, −28ಕ್ಕೆ ವರ್ಗಮೂಲ ತೆಗೆಯೋದು ಹೇಗೆ ಅಂತ ಗೊತ್ತಾಗದೆ ನಿಲ್ಲಿಸಿಬಿಟ್ಟಿದ್ದಾಳೆ. ನಕ್ಷೆಯ ಲೆಕ್ಕದಲ್ಲಿ y = 2x − 5, x ಬೆಲೆ 1 ಆದಾಗ −3 ಬರಬೇಕು, ಇವಳ ಕೋಷ್ಟಕದಲ್ಲಿ 3. ಸರಳರೇಖೆ ಸರಿಯಾಗಿ ಬರಲಿಲ್ಲ ಅಂತ ಅದನ್ನೂ ಹೊಡೆದು ಹಾಕಿದ್ದಾಳೆ. 10, 7, 4 ಶ್ರೇಢಿಯ ಸಾಮಾನ್ಯ ವ್ಯತ್ಯಾಸ 3 ಅಂತ ಬರೆದಿದ್ದಾಳೆ, −3 ಅಲ್ಲ. ಮೂರು ಬೇರೆ ಬೇರೆ ಅಧ್ಯಾಯ, ತಪ್ಪು ಒಂದೇ. ಋಣ ಚಿಹ್ನೆ. ಅದು ಏಳನೇ ಕ್ಲಾಸಿನ ಪೂರ್ಣಾಂಕಗಳ ಪಾಠದಲ್ಲಿ ಗಟ್ಟಿಯಾಗಬೇಕಿದ್ದ ವಿಷಯ.

ಇದನ್ನು ಅಪ್ಪನೇ ಬೆರಳಿಟ್ಟು ತೋರಿಸಿದರು. "ಎಲ್ಲಾ ಕಡೆ ಮೈನಸ್ಸೇ ಬಿಟ್ಟಿದಾಳಲ್ಲ ಮೇಡಂ." ಗಣಿತ ಹತ್ತಲ್ಲ ಅನ್ನೋ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ಹಾಗಾದರೆ ವರ್ಷವಿಡೀ ಯಾರಿಗೂ ಯಾಕೆ ಕಾಣಲಿಲ್ಲ? ಪ್ರಗತಿ ಪತ್ರದಲ್ಲಿ ನಾಲ್ಕೂ ಎಫ್‌ಎಗೆ (ವರ್ಷದ ನಡುವೆ ಶಾಲೆಯೇ ಮಾಡುವ ರೂಪಣಾತ್ಮಕ ಮೌಲ್ಯಮಾಪನಕ್ಕೆ) ಒಳ್ಳೆಯ ಗ್ರೇಡ್ ಇತ್ತು. ಚಾರ್ಟು, ಪ್ರಾಜೆಕ್ಟು, ನೀಟಾದ ನೋಟ್ಸು, ಎಲ್ಲಾ ಸೇರಿ 20ಕ್ಕೆ 19. ಅರ್ಧವಾರ್ಷಿಕದ ಲಿಖಿತದಲ್ಲಿ 21, ಪ್ರಿಪರೇಟರಿಯಲ್ಲಿ 18. ಇವೆರಡೂ ಅದೇ ಕಾರ್ಡಿನಲ್ಲಿದ್ದವು. ಪಕ್ಕದಲ್ಲೇ ಅಪ್ಪನ ಸಹಿಯೂ ಇತ್ತು. ಇಂಟರ್ನಲ್ ಬೇಡ ಅಂತ ನಾನು ಹೇಳುತ್ತಿಲ್ಲ, ಚಟುವಟಿಕೆಯಿಂದ ಮಕ್ಕಳು ಕಲಿಯುತ್ತಾರೆ. ಆದರೆ ಇಂಟರ್ನಲ್ ಮತ್ತು ಲಿಖಿತ ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡಿ ಮನೆಗೆ ಹೇಳಿದರೆ ಮಗು ಎಲ್ಲಿ ಎಡವುತ್ತಿದೆ ಅನ್ನೋದು ಮುಚ್ಚಿಹೋಗುತ್ತದೆ. ಶಾಲೆಯವರಿಗೆ ಇದನ್ನೇ ಹೇಳಿದೆ: ಪಾಲಕರ ಸಭೆಯಲ್ಲಿ ಲಿಖಿತದ ಅಂಕ ಬೇರೆ ಹೇಳಿ, ಪೇಪರನ್ನೇ ಕೈಗೆ ಕೊಡಿ.

ಫೇಲಾದವರು ಮತ್ತೆ ಬರೆಯಬಹುದಾದ ಪರೀಕ್ಷೆ-2 ಜೂನ್‌ನಲ್ಲಿತ್ತು. ಮರುಮೌಲ್ಯಮಾಪನಕ್ಕೆ ಕಾಯುತ್ತಾ ಕೂರಬೇಡ, 12 ಅಂಕ ಅದರಲ್ಲಿ ಸಿಗಲ್ಲ ಅಂದೆ. ಮೊದಲ ವಾರ ಹತ್ತನೇ ಕ್ಲಾಸಿನ ಪುಸ್ತಕ ಮುಟ್ಟಲೇಬಾರದು, ಬರೀ ಪೂರ್ಣಾಂಕಗಳ ಲೆಕ್ಕ, ದಿನಕ್ಕೆ ಅರ್ಧ ಗಂಟೆ. ಆಮೇಲೆ ಒಂದು, ಎರಡು ಅಂಕದ ಪ್ರಶ್ನೆಗಳು. ಗಣಿತ ಪತ್ರಿಕೆಯಲ್ಲಿ ಒಂದು ಅಂಕದ್ದು 16, ಎರಡು ಅಂಕದ್ದು 8 ಇರುತ್ತವೆ, ಅಲ್ಲೇ 32 ಅಂಕ ಆಯಿತಲ್ವಾ. ಅರ್ಧಕ್ಕೆ ನಿಂತರೂ ಹೊಡೆದು ಹಾಕಬೇಡ, ಸರಿಯಾದ ಹಂತಕ್ಕೆ ಅಂಕ ಇದೆ. ಮನೆಯಲ್ಲಿ ರಿಸಲ್ಟಿನ ಮಾತು ಊಟದ ಹೊತ್ತಿಗೆ ಬೇಡ, ಚಿಕ್ಕಪ್ಪನ ಮಗಳ ಮಾರ್ಕ್ಸ್ ಅಂತೂ ಬೇಡವೇ ಬೇಡ ಅಂತ ಅಮ್ಮನಿಗೆ ಹೇಳಿದೆ. ಅವರು ಅದನ್ನು ಪಾಲಿಸಿದರು, ಹುಡುಗಿ ಅದನ್ನೇ ಮತ್ತೆ ಮತ್ತೆ ನೆನೆಸಿಕೊಂಡಳು.

ಪರೀಕ್ಷೆ-2ರಲ್ಲಿ ಲಿಖಿತದಲ್ಲಿ 37 ಬಂತು. ಪಿಯುಸಿಗೆ ಸೇರಿದಳು. ತಮ್ಮ ಆಗ ಎಂಟನೇ ಕ್ಲಾಸು. ಅವನ ಗಣಿತದ ಪೇಪರನ್ನು ಅಪ್ಪ ಈಗ ಶಾಲೆಯಿಂದ ಕೇಳಿ ತರಿಸಿಕೊಂಡು, ಅಕ್ಕನ ಹತ್ತಿರವೇ ಗುರುತು ಹಾಕಿಸುತ್ತಾರೆ.