ಕಪಾಟು ನಮ್ಮದು, ಕಬೋರ್ಡು ಅವರದು

ಪತ್ರ: ಇಂಗ್ಲಿಷಿನ 'ಕಬೋರ್ಡ್' ನಮ್ಮ 'ಕಪಾಟ'ದಿಂದಲೇ ಹೋದ ಪದ ಅಂತ ಮೊಬೈಲಿಗೆ ಬಂದಿತ್ತು. ನೀವೇಕೆ ಇಂಥದ್ದನ್ನು ಬರೆಯುವುದಿಲ್ಲ? ನಮ್ಮಲ್ಲಿ ತಾತನ ಕಾಲದ ಬೀಟೆ ಕಪಾಟು ಇನ್ನೂ ಇದೆ. ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುತ್ತದೆ.
– ನಿವೃತ್ತ ಮೇಷ್ಟ್ರು, ಸಕಲೇಶಪುರ

ಉತ್ತರ: ಮೇಷ್ಟ್ರೇ, ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ, ಒಪ್ಪಿದೆ. ಸಂಸ್ಕೃತದ ಕಪಾಟ ಬಹಳ ಹಳೆಯದು, ಅದೂ ನಿಜ. ಆದರೆ ಅದರ ಅರ್ಥ ಬಾಗಿಲು. ಹೃದಯದ ಕವಾಟ ಅಂತೀವಲ್ಲ, ಅದೂ ಇದೇ.

ಇಂಗ್ಲಿಷರ ಕಬೋರ್ಡಿಗೆ ಮೊದಲು ಬಾಗಿಲೇ ಇರಲಿಲ್ಲ! 14ನೇ ಶತಮಾನದಲ್ಲಿ ಅದು ಬಟ್ಟಲು ಜೋಡಿಸಿಡುವ ಬರೀ ಹಲಗೆ. ಕಪ್ಪಿಗೊಂದು ಬೋರ್ಡು, ಅಷ್ಟೇ. ಶ್ರೀಮಂತರು ಬೆಳ್ಳಿ ಪಾತ್ರೆಗಳನ್ನು ಸಾಲಾಗಿಟ್ಟು ನೆಂಟರಿಗೆ ತೋರಿಸಿಕೊಳ್ಳುತ್ತಿದ್ದರು. ಬಾಗಿಲು ಬಂದದ್ದು 16ನೇ ಶತಮಾನದ ಹೊತ್ತಿಗೆ. ಮಾತಿನಲ್ಲಿ 'ಪ' ಬಿದ್ದುಹೋಯಿತು, ಸ್ಪೆಲ್ಲಿಂಗಿನಲ್ಲಿ ಮಾತ್ರ ಉಳಿಯಿತು. ಅದಕ್ಕಾಗಿ ಎಷ್ಟು ಹುಡುಗರ ಕಿವಿ ಹಿಂಡಿದ್ದೀರೋ, ನಿಮಗೇ ಗೊತ್ತು. ಊಟದ ಹೊತ್ತಿಗೆ ಮಾತ್ರ ಬೆಕ್ಕು ಬಂದು ಕಾಲು ಸವರುತ್ತದಲ್ಲ, ಆ ಪ್ರೀತಿಗೆ ಅವರು 'ಕಬೋರ್ಡ್ ಲವ್' ಅಂತಾರೆ. ಒಳ್ಳೇ ಮಾತು. ನಮ್ಮ ಚುನಾವಣೆಗಳಿಗೂ ಸಲ್ಲುತ್ತದೆ.

ಹೆಮ್ಮೆ ಪಡಲೇಬೇಕು ಅಂದರೆ ಮರದ ಕಡೆ ನೋಡಿ. ಮಲಯಾಳಂನ 'ತೇಕ್ಕ್' ಪೋರ್ಚುಗೀಸರ ಬಾಯಲ್ಲಿ 'ತೆಕಾ' ಆಗಿ, ಇಂಗ್ಲಿಷಿಗೆ ಹೋಗಿ 'ಟೀಕ್' ಆಯಿತು. ನಮ್ಮ ತೇಗದ ಒಡಹುಟ್ಟು ಅದು. ಅದೇ ಪೋರ್ಚುಗೀಸರು ನಮಗೆ ಅಲಮಾರು ಕೊಟ್ಟರು, ಅದನ್ನು ತೆಗೆಯೋಕೆ ಚಾವಿಯನ್ನೂ ಕೊಟ್ಟರು. ಬೀರು ಫ್ರೆಂಚರ ಬ್ಯೂರೋ. ತಗೊಂಡರೆ ನಾಚಿಕೆ ಏನು? ಚಿಕ್ಕಮಗಳೂರಿನ ಕಾಫಿಯ ಹೆಸರು ಅರಬ್ಬರ ಕಹ್ವಾದಿಂದ ಬಂತು. ಹಾಸನದ ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕ. ಪಲ್ಯಕ್ಕೆ ರುಚಿ ಕಡಿಮೆಯಾಗಿದೆಯಾ?

ನನ್ನ ಸಿಟ್ಟು ಬೇರೆ ಕಡೆ ಇದೆ. ಜಗತ್ತಿಗೆಲ್ಲ ಪದ ಕೊಟ್ಟವರು ನಾವು ಅಂತ ಫಾರ್ವರ್ಡ್ ಮಾಡುವ ಮನೆಗಳಲ್ಲೇ ಗೋಡೆಯ ಗೂಡು, ಸೂರಿನ ನೆಲವು, ಭತ್ತದ ಪತ್ತಾಯ ಅಂದರೆ ಮಕ್ಕಳು ಮುಖ ನೋಡುತ್ತಾರೆ. ಈಚೆಗೆ ಹಾಸನದಲ್ಲೊಂದು ಗೃಹಪ್ರವೇಶಕ್ಕೆ ಹೋಗಿದ್ದೆ. "ಬನ್ನಿ ಸಾರ್, ವಾರ್ಡ್‌ರೋಬ್ ತೋರಿಸ್ತೀನಿ" ಅಂದರು ಮನೆಯವರು. ಪ್ಲೈವುಡ್ಡಿಗೆ ಹೊಳೆಯುವ ಹಾಳೆ ಅಂಟಿಸಿದ್ದರು. ಅಂಟು ಆಗಲೇ ಮೂಲೆಯಲ್ಲಿ ಬಿಟ್ಟಿತ್ತು. ಇದೇ ಪದದ ಇನ್ನೊಂದು ರೂಪ 'ಗಾರ್ಡ್‌ರೋಬ್', ಹಳೇ ಕೋಟೆಗಳಲ್ಲಿ ಕಕ್ಕಸಿನ ಕೋಣೆಗೆ ಇದ್ದ ಹೆಸರು. ನಗು ತಡೆದುಕೊಂಡು ಹೋಳಿಗೆ ತಿಂದು ಬಂದೆ.

ನೀವೂ ಮಾಡಿದ್ದು ಅದನ್ನೇ ಮೇಷ್ಟ್ರೇ. ಎಲ್ಲಿಂದಲೋ ಬಂದ ಫಾರ್ವರ್ಡಿಗೆ ಮೊದಲ ಜಾಗ, ತಾತನ ಬೀಟೆ ಕಪಾಟಿಗೆ ಕೊನೆಯದು. ಅದನ್ನು ಮಾಡಿದ ಆಚಾರಿ ಯಾರು, ಬೀಟೆ ಯಾವ ಕಾಡಿನದು, ಮೇಲಿನ ಅರೆಯಲ್ಲಿ ಅಜ್ಜಿ ಏನು ಬಚ್ಚಿಡುತ್ತಿದ್ದರು, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗೇ ಬಿಟ್ಟಿರುತ್ತೇನೆ. ಹಳೇ ಮರ ಕೊಳ್ಳುವವರು ಬಂದರೆ ಮಾತ್ರ ಬಾಗಿಲಲ್ಲೇ ಸಾಗಹಾಕಿ.